ಪವನ ವಿದ್ಯುತ್ ಯೋಜನೆ ಮತ್ತು ಅದರ ವೃತ್ತಿಪರರು

ನೆಲದ ಮೇಲೆ ಬೀಸುವ ಗಾಳಿಯಿಂದ ವಿದ್ಯುತ್ ತಯಾರಿಸುವ ಸ್ಥಾವರಕ್ಕೆ ತಾಣ ಹುಡುಕಿ, ಗಾಳಿಯನ್ನು ಅಳೆದು, ಜಮೀನು ಮತ್ತು ಅನುಮತಿಗಳನ್ನು ಪಡೆದು, ಯಂತ್ರಗಳ ಸ್ಥಾನ ಗೊತ್ತುಮಾಡಿ, ವಿದ್ಯುತ್ ಜಾಲಕ್ಕೆ ಜೋಡಿಸುವ ಕಾರ್ಯಸರಣಿಯೇ ಪವನ ವಿದ್ಯುತ್ ಯೋಜನೆಯ ಅಭಿವೃದ್ಧಿ. ಈ ಸರಣಿಯ ಬೇರೆ ಬೇರೆ ಹಂತಗಳನ್ನು ನಿರ್ವಹಿಸುವ ಗಾಳಿ ವಿಶ್ಲೇಷಕರು, ಭೂ ವ್ಯವಹಾರ ತಜ್ಞರು, ಸಿವಿಲ್ ಮತ್ತು ವಿದ್ಯುತ್ ಎಂಜಿನಿಯರುಗಳು, ಪರಿಸರ ವಿಜ್ಞಾನಿಗಳು, ಕಾನೂನು ಹಾಗೂ ಹಣಕಾಸು ಸಲಹೆಗಾರರು ಅದರ ವೃತ್ತಿಪರರು. ಸಮುದ್ರದಲ್ಲಿ ಯಂತ್ರ ನಿಲ್ಲಿಸುವ ಕಡಲ ಪವನ ವಿದ್ಯುತ್ ಬೇರೆಯೇ ಶಾಖೆಯಾದ್ದರಿಂದ ಇಲ್ಲಿ ಸೇರಿಲ್ಲ. ಲೇಖನದ ವಿವರಗಳು ಮುಖ್ಯವಾಗಿ ಭಾರತದವು, ಅದರಲ್ಲೂ ಕರ್ನಾಟಕದವು.

ಇಲ್ಲಿ ಪವನ ಯಂತ್ರ ಎಂದರೆ ಗೋಪುರ, ಅದರ ತುದಿಯಲ್ಲಿ ಜನರೇಟರ್ ಇರುವ ನಸೆಲ್ ಎಂಬ ಕೋಶ, ಮತ್ತು ರೆಕ್ಕೆಗಳನ್ನು ಹೊತ್ತ ರೋಟರ್, ಈ ಮೂರೂ ಕೂಡಿದ ಘಟಕ. ನೆಲದಿಂದ ರೋಟರಿನ ನಡುವಿನವರೆಗಿನ ಎತ್ತರವೇ ಗುಂಬದ ಎತ್ತರ. ಒಂದೇ ಉಪಕೇಂದ್ರಕ್ಕೆ ಜೋಡಿಸಿದ ಯಂತ್ರಗಳ ಸಮೂಹ ಪವನ ವಿದ್ಯುತ್ ಸ್ಥಾವರ.

ಉಗಮ

ಗಾಳಿಯಿಂದ ವಿದ್ಯುತ್ ತೆಗೆಯುವ ಪ್ರಯೋಗಗಳು 19ನೆಯ ಶತಮಾನದ ಕೊನೆಯಲ್ಲಿ ಹೆಚ್ಚುಕಡಿಮೆ ಏಕಕಾಲಕ್ಕೆ ನಡೆದವು. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್, 1888ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಚಾರ್ಲ್ಸ್ ಬ್ರಷ್, 1891ರಲ್ಲಿ ಡೆನ್ಮಾರ್ಕಿನ ಆಸ್ಕೊವ್‌ನಲ್ಲಿ ಪೌಲ್ ಲಾ ಕೂರ್ ತಮ್ಮ ತಮ್ಮ ಯಂತ್ರಗಳನ್ನು ನಿಲ್ಲಿಸಿದರು. ಇದನ್ನೊಂದು ವೃತ್ತಿಯಾಗಿ ಕಲಿಸಲು ತೊಡಗಿದವನು ಲಾ ಕೂರ್. ಆಸ್ಕೊವ್‌ನ ಜನಪದ ಪ್ರೌಢಶಾಲೆಯಲ್ಲಿ 1904ರಿಂದ ಅವನು ಹಳ್ಳಿಗಳಲ್ಲಿ ಕೆಲಸ ಮಾಡಬಲ್ಲ ವಿದ್ಯುತ್ ಕೆಲಸಗಾರರಿಗೆ ಪಾಠ ನಡೆಸಿದ. ಅಲ್ಲಿ ಕಲಿತ ಯೊಹಾನಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ ಕಟ್ಟಿದ 200 ಕಿಲೊವಾಟಿನ ಮೂರು ರೆಕ್ಕೆಯ ಯಂತ್ರ ಇಂದಿನ ಯಂತ್ರಗಳ ನೇರ ಪೂರ್ವಜ.

ಭಾರತದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1960ರ ದಶಕದಲ್ಲಿ ನೀರೆತ್ತುವ ಗಾಳಿಯಂತ್ರಗಳನ್ನು ರೂಪಿಸಿತ್ತು. ಜಾಲಕ್ಕೆ ಸೇರಿದ ವಿದ್ಯುತ್ ಯಂತ್ರಗಳು ಬಂದದ್ದು 1986ರ ಸುಮಾರಿಗೆ, ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಗಿರಿ ಮತ್ತು ತಮಿಳುನಾಡಿನ ಕರಾವಳಿಯ ಪ್ರಾತ್ಯಕ್ಷಿಕೆ ಸ್ಥಾವರಗಳಲ್ಲಿ. ಅಲ್ಲಿ ನಿಂತವು ಡೆನ್ಮಾರ್ಕಿನಿಂದ ತರಿಸಿದ 55 ಕಿಲೊವಾಟಿನ ಯಂತ್ರಗಳು.

ಯೋಜನಾ ಕೆಲಸಕ್ಕೆ ದೇಶದಲ್ಲಿ ವೈಜ್ಞಾನಿಕ ಬುನಾದಿ ಹಾಕಿದವರು ಹವಾಮಾನ ವಿಜ್ಞಾನಿ ಅನ್ನಾ ಮಣಿ (1918–2001). ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದ ಅವರು, 1976ರಲ್ಲಿ ಭಾರತ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಡಿ. ಎ. ಮೂಲೆ ಅವರೊಡನೆ ಸಿದ್ಧಪಡಿಸಿದ ಭಾರತದ ಗಾಳಿಯ ದತ್ತಾಂಶ ಗ್ರಂಥ 1983ರಲ್ಲಿ ಹೊರಬಂತು. ಆ ಬಳಿಕ ಬೆಂಗಳೂರಿನ ಕ್ಷೇತ್ರ ಸಂಶೋಧನಾ ಘಟಕದಿಂದ ಅವರು ನಡೆಸಿದ ಗಾಳಿ ಸಮೀಕ್ಷೆ ಹಲವು ಸಂಪುಟಗಳಾಗಿ ಪ್ರಕಟವಾಯಿತು. ಗಾಳಿಯ ವೇಗ ಮತ್ತು ಸೌರ ವಿಕಿರಣ ಅಳೆಯುವ ಉಪಕರಣಗಳನ್ನು ತಯಾರಿಸುವ ಚಿಕ್ಕ ಕಾರ್ಯಾಗಾರವನ್ನೂ ಬೆಂಗಳೂರಿನಲ್ಲೇ ಸ್ಥಾಪಿಸಿದರು. ಈ ಸಮೀಕ್ಷೆಗೆ ಮುಂಚೆ ಲಭ್ಯವಿದ್ದದ್ದು ಬಹುಮಟ್ಟಿಗೆ ಹವಾಮಾನ ವೀಕ್ಷಣಾಲಯಗಳ ಅಂಕಿಗಳು. ಅವು ಊರೊಳಗೆ, ಕೆಳಮಟ್ಟದಲ್ಲಿ ತೆಗೆದವು. ಯಂತ್ರ ನಿಲ್ಲಿಸಲು ಆಧಾರವಾಗುವಂಥವಲ್ಲ. ಅನ್ನಾ ಮಣಿಯವರ ಸಮೀಕ್ಷೆ ಮಾಪನ ಗೋಪುರವನ್ನು ಗುಡ್ಡದ ನೆತ್ತಿಗೂ ಬಯಲಿಗೂ ಒಯ್ದಿತು.

1998ರಲ್ಲಿ ಚೆನ್ನೈಯಲ್ಲಿ ಆರಂಭವಾಗಿ ಈಗ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಎನಿಸಿಕೊಂಡ ಕೇಂದ್ರ ಈ ಸಮೀಕ್ಷೆಯನ್ನು ಮುಂದುವರಿಸಿದೆ. ಯಂತ್ರಗಳನ್ನು ಪರೀಕ್ಷಿಸುವ ಅದರ ತಾಣ ತೂತ್ತುಕುಡಿ ಜಿಲ್ಲೆಯ ಕಯತ್ತಾರಿನಲ್ಲಿದೆ.

ವೃತ್ತಿಯ ಬೆಳವಣಿಗೆ

1990ರ ದಶಕದಲ್ಲಿ ಭಾರತದಲ್ಲಿ ಪವನ ಯಂತ್ರ ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಜವಳಿ ಗಿರಣಿ, ಸಿಮೆಂಟ್ ಕಾರ್ಖಾನೆ ಮುಂತಾದ ಉದ್ಯಮಗಳ ಮಾಲೀಕರು. ವೇಗದ ಸವಕಳಿಯ ತೆರಿಗೆ ರಿಯಾಯಿತಿ ಅವರನ್ನು ಸೆಳೆದಿತ್ತು. ಗಾಳಿ ಅಳೆಯುವುದು, ಜಮೀನು ಕೊಳ್ಳುವುದು, ಯಂತ್ರ ನಿಲ್ಲಿಸುವುದು, ನಿರ್ವಹಿಸುವುದು ಎಲ್ಲವನ್ನೂ ಯಂತ್ರ ತಯಾರಕರೇ ಮಾಡಿ ಕೀಲಿಕೈ ಒಪ್ಪಿಸುತ್ತಿದ್ದರು. 1995ರಲ್ಲಿ ತುಳಸಿ ತಾಂತಿ ಸ್ಥಾಪಿಸಿದ ಸುಜ್ಲಾನ್ ಈ ಪದ್ಧತಿಯಿಂದಲೇ ಬೆಳೆದ ಕಂಪನಿ. ಹಾಗಾಗಿ ಯೋಜನಾ ಪರಿಣತಿ ಬಹುಕಾಲ ತಯಾರಕರ ಕಚೇರಿಗಳೊಳಗೇ ಉಳಿದಿತ್ತು.

ಎರಡು ಬದಲಾವಣೆಗಳು ಅದನ್ನು ಸ್ವತಂತ್ರ ವೃತ್ತಿಯಾಗಿಸಿದವು. 2009ರ ಕೊನೆಯಲ್ಲಿ ಕೇಂದ್ರ ಸರ್ಕಾರ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆಯ ಪ್ರೋತ್ಸಾಹಧನ ಪ್ರಕಟಿಸಿತು. ಯಂತ್ರ ನಿಲ್ಲಿಸುವುದರಲ್ಲಲ್ಲ, ಅದು ಕೊಡುವ ವಿದ್ಯುತ್ತಿನಲ್ಲಿ ಲಾಭ ಕಾಣುವ ಸ್ವತಂತ್ರ ಉತ್ಪಾದಕ ಕಂಪನಿಗಳು ಬಂದು ತಮ್ಮದೇ ಗಾಳಿ ವಿಶ್ಲೇಷಕರನ್ನೂ ಜಮೀನು ತಂಡಗಳನ್ನೂ ಕಟ್ಟಿಕೊಂಡವು. ಎರಡನೆಯದು 2017ರ ಹರಾಜು. ಅಲ್ಲಿಯವರೆಗೆ ದರವನ್ನು ಆಯಾ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸುತ್ತಿತ್ತು. 2017ರ ಫೆಬ್ರುವರಿಯಲ್ಲಿ ಭಾರತೀಯ ಸೌರಶಕ್ತಿ ನಿಗಮ ನಡೆಸಿದ ಮೊದಲ ಪವನ ಹರಾಜಿನಲ್ಲಿ ದರ ಯೂನಿಟ್ಟಿಗೆ ರೂ. 3.46ಕ್ಕೆ ಇಳಿಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ ರೂ. 2.43 ಆಯಿತು. ಇಷ್ಟು ಕಡಿಮೆ ದರದಲ್ಲಿ ಗಾಳಿಯ ಅಂದಾಜು ಸ್ವಲ್ಪ ತಪ್ಪಿದರೂ ಯೋಜನೆ ನಷ್ಟಕ್ಕೆ ಬೀಳುತ್ತದೆ. ಮಾಪನಕ್ಕೂ ವಿಶ್ಲೇಷಣೆಗೂ ಇಂದಿರುವ ಬೆಲೆ ಬಂದದ್ದು ಆಗ.

ಗಾಳಿಯ ಮಾಪನ ಮತ್ತು ವಿಶ್ಲೇಷಣೆ

ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿ 7 ಮೀಟರಿಗೆ ಏರಿದರೆ ವೇಗದ ಹೆಚ್ಚಳ ಶೇ 17ರಷ್ಟೇ. ಶಕ್ತಿಯ ಹೆಚ್ಚಳ ಸುಮಾರು ಶೇ 59. ಗಾಳಿಯ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚು ಪಾಲನ್ನು ಯಾವ ಯಂತ್ರವೂ ಹೀರಲಾರದು ಎಂಬುದು ಬೆಟ್ಸ್ ಮಿತಿ. ಸಾಮಾನ್ಯವಾಗಿ ಯಂತ್ರ ಸೆಕೆಂಡಿಗೆ 3 ಮೀಟರಿನ ಆಸುಪಾಸಿನಲ್ಲಿ ತಿರುಗತೊಡಗಿ, 20ರಿಂದ 25 ಮೀಟರ್ ದಾಟಿದಾಗ ಸುರಕ್ಷತೆಗಾಗಿ ತಾನೇ ನಿಲ್ಲುತ್ತದೆ.

ಗಾಳಿ ವಿಶ್ಲೇಷಕರ ಕೆಲಸ ನಕ್ಷೆಯಿಂದ ಶುರುವಾಗುತ್ತದೆ. ರಾಷ್ಟ್ರೀಯ ಸಂಸ್ಥೆಯ ಪವನ ನಕ್ಷೆ, ಉಪಗ್ರಹ ಚಿತ್ರ, ಭೂಮಾಪನ ಇಲಾಖೆಯ ಹಾಳೆ ಮತ್ತು ನೆರೆಯ ಸ್ಥಾವರಗಳ ಉತ್ಪಾದನೆ ನೋಡಿ ಕೆಲವು ತಾಣಗಳನ್ನು ಆರಿಸುತ್ತಾರೆ. ಅಲ್ಲಿ ಜಾಲರಿ ಕಂಬದ ಮಾಪನ ಗೋಪುರ ಏಳುತ್ತದೆ. ಅದರ ಬೇರೆ ಬೇರೆ ಮಟ್ಟಗಳಲ್ಲಿ ಬಟ್ಟಲು ಮಾದರಿಯ ವೇಗಮಾಪಕ, ಗಾಳಿಯ ದಿಕ್ಕು ತೋರುವ ಸೂಚಿ, ಉಷ್ಣ ಮತ್ತು ಒತ್ತಡ ಮಾಪಕಗಳಿರುತ್ತವೆ. ಹತ್ತು ನಿಮಿಷಕ್ಕೊಂದರಂತೆ ಸರಾಸರಿಗಳು ದಾಖಲಾಗುತ್ತವೆ. ಕನಿಷ್ಠ ಒಂದು ಪೂರ್ಣ ವರ್ಷದ ದಾಖಲೆ ಬೇಕು. ಭಾರತದ ಪವನ ವಿದ್ಯುತ್ತಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಬರುವುದರಿಂದ ಆ ನಾಲ್ಕು ತಿಂಗಳಲ್ಲಿ ಉಪಕರಣ ಕೆಟ್ಟರೆ ಇಡೀ ವರ್ಷದ ಮಾಪನವೇ ಕೈತಪ್ಪಿದಂತೆ. ಬೆಳಕಿನ ಕಿರಣದಿಂದ ಅಳೆಯುವ ಲೈಡಾರ್ ಮತ್ತು ಧ್ವನಿಯಿಂದ ಅಳೆಯುವ ಸೋಡಾರ್ ಗೋಪುರಕ್ಕೆ ನೆರವಾಗುತ್ತವೆ. ಗೋಪುರ ಮುಟ್ಟದ ಎತ್ತರದ ಗಾಳಿ ಅವುಗಳಿಂದ ತಿಳಿಯುತ್ತದೆ.

ಒಂದು ವರ್ಷದ ಅಂಕಿ ಆ ವರ್ಷದ್ದಷ್ಟೇ. ಮುಂಗಾರು ಬಲವಾಗಿದ್ದ ವರ್ಷದಲ್ಲಿ ಅಳೆದರೆ ತಾಣ ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಸ್ಥಳದ ಅಂಕಿಗಳನ್ನು ದಶಕಗಳ ಹವಾಮಾನ ದತ್ತಾಂಶದೊಡನೆ ತಾಳೆ ನೋಡುತ್ತಾರೆ. ಗುಡ್ಡ, ಕಣಿವೆ, ಮರಗಿಡಗಳ ಒರಟುತನ ಗಾಳಿಯನ್ನು ಹೇಗೆ ತಿರುಗಿಸುತ್ತದೆಂದು ಲೆಕ್ಕ ಹಾಕಲು 1987ರಲ್ಲಿ ಡೆನ್ಮಾರ್ಕಿನ ರಿಸೊ ಪ್ರಯೋಗಾಲಯ ಹೊರತಂದ ವಾಸ್ಪ್ ಮತ್ತು ಅದರ ನಂತರದ ತಂತ್ರಾಂಶಗಳು ಬಳಕೆಯಲ್ಲಿವೆ.

ಲೆಕ್ಕದ ಫಲಿತಾಂಶ ಒಂದೇ ಸಂಖ್ಯೆಯಾಗಿರುವುದಿಲ್ಲ, ಸಂಭವನೀಯತೆಯಾಗಿರುತ್ತದೆ. ವಾರ್ಷಿಕ ಉತ್ಪಾದನೆ ಯಾವ ಮಟ್ಟವನ್ನು ಮೀರುವ ಸಂಭವ ಶೇ 50 ಇದೆಯೋ ಅದು ಪಿ50, ಶೇ 90 ಇದ್ದರೆ ಪಿ90. ಹೂಡಿಕೆದಾರರು ಪಿ50 ನೋಡಿ ಆಸೆಪಡಬಹುದು; ಸಾಲ ಕೊಡುವ ಬ್ಯಾಂಕು ಕೇಳುವುದು ಪಿ90ರಂಥ ಎಚ್ಚರದ ಅಂಕಿಯನ್ನು. ಎರಡರ ನಡುವಿನ ಅಂತರ ಎಷ್ಟು ಕಿರಿದಾಗಿದೆ ಎಂಬುದು ಮಾಪನದ ಗುಣಮಟ್ಟಕ್ಕೆ ನೇರ ಸಾಕ್ಷಿ. ಅಂತಿಮವಾಗಿ ಇವೆಲ್ಲ ಸಾಮರ್ಥ್ಯ ಬಳಕೆ ಪ್ರಮಾಣವಾಗಿ, ಅಂದರೆ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ದುಡಿದರೆ ಬರುವ ಉತ್ಪಾದನೆಯ ಶೇಕಡಾ ಪಾಲಾಗಿ, ವ್ಯಕ್ತವಾಗುತ್ತವೆ. 3 ಮೆಗಾವಾಟಿನ ಯಂತ್ರ ಶೇ 35ರ ಪ್ರಮಾಣದಲ್ಲಿ ದುಡಿದರೆ ವರ್ಷಕ್ಕೆ ಸುಮಾರು 92 ಲಕ್ಷ ಯೂನಿಟ್ ಕೊಡುತ್ತದೆ.

ಯಂತ್ರಗಳ ಸ್ಥಾನ ನಿರ್ಣಯ

ಮುಂದಿನ ಯಂತ್ರ ಗಾಳಿಯ ಶಕ್ತಿಯನ್ನು ಹೀರಿದ ಮೇಲೆ ಹಿಂದಿನದಕ್ಕೆ ತಲುಪುವುದು ವೇಗ ಕುಂದಿದ, ಕದಡಿದ ಗಾಳಿ. ಆದ್ದರಿಂದ ಗಾಳಿಯ ಮುಖ್ಯ ದಿಕ್ಕಿನಲ್ಲಿ ರೋಟರ್ ವ್ಯಾಸದ 7 ಪಟ್ಟು, ಅದಕ್ಕೆ ಅಡ್ಡಲಾಗಿ 5 ಪಟ್ಟು ಅಂತರ ಬಿಡುವುದು ಭಾರತದಲ್ಲಿ ಬಹುಕಾಲದ ರೂಢಿ. ಈಗ ತಂತ್ರಾಂಶದ ಲೆಕ್ಕ ಮತ್ತು ಸಿಗುವ ಜಮೀನಿಗೆ ತಕ್ಕಂತೆ ಇದು ಬದಲಾಗುತ್ತದೆ. ಕೇಂದ್ರ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯ ಪ್ರಕಾರ ಶಬ್ದದ ಕಾರಣ ಯಾವ ವಾಸದ ಮನೆಯಿಂದಲೂ 500 ಮೀಟರ್ ಒಳಗೆ ಯಂತ್ರ ನಿಲ್ಲಿಸುವಂತಿಲ್ಲ. ರಸ್ತೆ, ರೈಲು ಹಳಿ, ಕಟ್ಟಡ ಮತ್ತು ಅಧಿಕ ವೋಲ್ಟೇಜಿನ ತಂತಿಗಳಿಂದ ಗುಂಬದ ಎತ್ತರ, ರೋಟರ್ ವ್ಯಾಸದ ಅರ್ಧ ಮತ್ತು 5 ಮೀಟರ್ ಕೂಡಿದಷ್ಟು ದೂರ ಇರಬೇಕು. ಯಂತ್ರ ಬುಡಸಮೇತ ಉರುಳಿದರೂ ತಾಗದಷ್ಟು ದೂರ ಇದು.

ತಾಣಕ್ಕೆ ತಕ್ಕ ಯಂತ್ರದ ಆಯ್ಕೆ ಐಇಸಿ 61400-1 ಎಂಬ ಅಂತರರಾಷ್ಟ್ರೀಯ ಮಾನಕದ ವರ್ಗಗಳನ್ನು ಅನುಸರಿಸುತ್ತದೆ. ಸರಾಸರಿ ವೇಗ ಸೆಕೆಂಡಿಗೆ 10 ಮೀಟರ್‌ವರೆಗಿನ ತಾಣಕ್ಕೆ ಒಂದನೆಯ ವರ್ಗ, 8.5ರವರೆಗೆ ಎರಡನೆಯದು, 7.5ರವರೆಗೆ ಮೂರನೆಯದು. ಕರ್ನಾಟಕದ ಬಯಲುಗಳಂಥ ಸಾಧಾರಣ ಗಾಳಿಯ ಕಡೆಗಳಲ್ಲಿ ಉದ್ದ ರೆಕ್ಕೆಯ ಮೂರನೆಯ ವರ್ಗದ ಯಂತ್ರಗಳು ಹೊಂದುತ್ತವೆ.

ಜಮೀನು

ಕರ್ನಾಟಕದಲ್ಲಿ ಪವನ ವಿದ್ಯುತ್ ಮೊದಲು ನೆಲೆಗೊಂಡದ್ದು ಗುಡ್ಡಗಳ ಮೇಲೆ. ಗದಗದ ಕಪ್ಪತಗುಡ್ಡದಿಂದ ಚಿತ್ರದುರ್ಗದ ಜೋಗಿಮಟ್ಟಿಯವರೆಗೆ ಹಬ್ಬಿದ ಬೆಟ್ಟಸಾಲು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿದ್ದು ಪಶ್ಚಿಮದಿಂದ ಬರುವ ಮುಂಗಾರು ಗಾಳಿಗೆ ಅಡ್ಡವಾಗಿ ನಿಂತಿದೆ. ಏಣು ಹತ್ತುವಾಗ ಗಾಳಿಯ ವೇಗ ಹೆಚ್ಚುತ್ತದೆ. ಜೋಗಿಮಟ್ಟಿಯಲ್ಲಿ 230 ಕಿಲೊವಾಟಿನ 33 ಯಂತ್ರಗಳ 7.59 ಮೆಗಾವಾಟ್ ಸ್ಥಾವರ ಈ ಮೊದಲ ಘಟ್ಟಕ್ಕೆ ಸೇರಿದ್ದು. ಇಂಥ ಏಣುಗಳು ಬಹುಪಾಲು ಅರಣ್ಯ ಅಥವಾ ಸರ್ಕಾರಿ ಭೂಮಿ. ಆದ್ದರಿಂದ ಆಗಿನ ಯೋಜಕರ ಮುಖ್ಯ ಕೆಲಸ 1980ರ ಅರಣ್ಯ ಸಂರಕ್ಷಣಾ ಕಾಯಿದೆಯಡಿ ಅನುಮತಿ ಪಡೆಯುವುದಾಗಿತ್ತು.

ಗೋಪುರಗಳು 100 ಮೀಟರ್ ದಾಟಿದ ಮೇಲೆ ಗುಡ್ಡದ ಆಸರೆಯಿಲ್ಲದೆಯೇ ಬಯಲಿನಲ್ಲಿ ಬೇಕಾದ ಗಾಳಿ ಸಿಕ್ಕಿತು. ಸ್ಥಾವರಗಳು ಗದಗ, ಕೊಪ್ಪಳ, ವಿಜಯಪುರ, ಬಾಗಲಕೋಟೆ, ಬಳ್ಳಾರಿ, ದಾವಣಗೆರೆ ಸೀಮೆಯ ಹೊಲಗಳಿಗೆ ಇಳಿದವು. ಒಂದು ಅರಣ್ಯ ಕಚೇರಿಯ ಬದಲು ನೂರಾರು ರೈತ ಕುಟುಂಬಗಳೊಡನೆ ವ್ಯವಹರಿಸಬೇಕಾಯಿತು. ಈ ಸ್ಥಳಾಂತರ ವೃತ್ತಿಯ ಸ್ವರೂಪವನ್ನೇ ಬದಲಿಸಿತು. ಯೋಜನೆ ಉಳಿಯುವುದೂ ಬೀಳುವುದೂ ಇಂದು ಬಹುಮಟ್ಟಿಗೆ ಜಮೀನು ತಂಡದ ಕೈಯಲ್ಲಿದೆ.

ಈ ತಂಡದಲ್ಲಿ ಭೂ ವ್ಯವಸ್ಥಾಪಕ, ಸರ್ವೆಯರ್, ಕಾನೂನು ಪರಿಶೀಲಕ ಮತ್ತು ಊರವರೊಡನೆ ಮಾತುಕತೆ ನಡೆಸುವ ಸ್ಥಳೀಯ ಸಂಪರ್ಕಾಧಿಕಾರಿ ಇರುತ್ತಾರೆ. ಯಂತ್ರದ ಜಾಗ ನಿರ್ದೇಶಾಂಕಗಳಲ್ಲಿ ಗೊತ್ತಾದ ಮೇಲೆ ಅದು ಯಾವ ಸರ್ವೆ ನಂಬರಿನಲ್ಲಿ, ಯಾವ ಹಿಸ್ಸೆಯಲ್ಲಿ ಬೀಳುತ್ತದೆಂದು ಗ್ರಾಮ ನಕಾಶೆಯೊಡನೆ ಹೊಂದಿಸಬೇಕು. ನಂತರ ಪಹಣಿ, ಮ್ಯುಟೇಶನ್, ಆಕಾರಬಂದ್, ಟಿಪ್ಪಣಿ, ಋಣಭಾರ ಪತ್ರ ಮತ್ತು ವಂಶವೃಕ್ಷಗಳ ಪರಿಶೀಲನೆ. ಪಹಣಿಯಲ್ಲಿ ಒಬ್ಬರ ಹೆಸರಿದ್ದು, ದಾಖಲೆಯಲ್ಲಿ ವಿಭಾಗವಾಗದ, ಅಂದರೆ ಪೋಡಿಯಾಗದ ಜಮೀನನ್ನು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿರುವುದು ಸಾಮಾನ್ಯ. ಅಲ್ಲಿ ಹಕ್ಕುದಾರರೆಲ್ಲರ, ಹೆಣ್ಣುಮಕ್ಕಳೂ ಸೇರಿ, ಒಪ್ಪಿಗೆಯಿಲ್ಲದ ಕರಾರು ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಮಂಜೂರಾತಿ ಜಮೀನಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯ ಪರಭಾರೆಯನ್ನು ನಿರ್ಬಂಧಿಸುವ, ಪಿಟಿಸಿಎಲ್ ಎಂದು ಪರಿಚಿತವಾದ 1978ರ ಕಾಯಿದೆ ಅಂಥ ವ್ಯವಹಾರಕ್ಕೆ ಅನ್ವಯಿಸುತ್ತದೆ. ಗೋಮಾಳ, ಕೆರೆಯಂಗಳ, ಖರಾಬು ಭೂಮಿಗಳಿಗೆ ಬೇರೆ ನಿಯಮಗಳಿವೆ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಅದರ ವಿಧಿಗಳು ಕಾಲಕಾಲಕ್ಕೆ ತಿದ್ದುಪಡಿಗೊಂಡಿವೆ.

ಒಂದು ಯಂತ್ರಕ್ಕೆ ಶಾಶ್ವತವಾಗಿ ಬೇಕಾಗುವುದು ಕೆಲವೇ ಎಕರೆ. ಉಳಿದ ಹೊಲದಲ್ಲಿ ಜೋಳ, ಕಡಲೆ, ಹತ್ತಿ, ಶೇಂಗಾ ಬೆಳೆಯಬಹುದು. ಸೌರ ಸ್ಥಾವರಕ್ಕಿಂತ ಪವನ ಸ್ಥಾವರಕ್ಕಿರುವ ದೊಡ್ಡ ಅನುಕೂಲ ಇದು. ಆದರೆ ತಕರಾರು ಏಳುವುದು ಹೆಚ್ಚಾಗಿ ಯಂತ್ರದ ಜಾಗದಲ್ಲಲ್ಲ, ದಾರಿ ಮತ್ತು ತಂತಿಯ ವಿಷಯದಲ್ಲಿ. ನಕಾಶೆಯಲ್ಲಿರುವ ಬಂಡಿದಾರಿ ಭಾರಿ ಕ್ರೇನಿಗೆ ಸಾಲದು. ಅಗಲ ಮಾಡಲು ಇಕ್ಕೆಲದ ಹೊಲದವರು ಒಪ್ಪಬೇಕು. ಯಂತ್ರವಿಲ್ಲದ ಹೊಲದ ಮೇಲೆ ತಂತಿ ಹಾಯುವಾಗ ಅದರ ಒಡೆಯನಿಗೆ ತೊಂದರೆಯಷ್ಟೇ ಉಳಿದು ಬಾಡಿಗೆ ಬರುವುದಿಲ್ಲ. ಕೇಂದ್ರ ವಿದ್ಯುತ್ ಸಚಿವಾಲಯ 2024ರ ಜೂನ್‌ನಲ್ಲಿ ಪ್ರಸರಣ ಮಾರ್ಗಗಳ ಪರಿಹಾರ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಪ್ರಸರಣ ಗೋಪುರದ ಬುಡದ ಜಾಗಕ್ಕೆ ಭೂಮೌಲ್ಯದ ಶೇ 200, ತಂತಿ ಪಟ್ಟಿಗೆ ಶೇ 30 ಎಂದು ಸೂಚಿಸಿತು. ಗ್ರಾಮಸಭೆಯಲ್ಲಿ ಮೊದಲೇ ನಕ್ಷೆ ಬಿಡಿಸಿಟ್ಟು, ಬಾಡಿಗೆ ಮತ್ತು ಬೆಳೆ ಪರಿಹಾರದ ದರವನ್ನು ಎಲ್ಲರಿಗೂ ಒಂದೇ ರೀತಿ ತಿಳಿಸುವುದು ಒಳ್ಳೆಯ ವೃತ್ತಿಕ್ರಮ. ಮಧ್ಯವರ್ತಿಗಳ ಮೂಲಕ ಗುಟ್ಟಾಗಿ ಕೊಂಡ ಕಡೆಗಳಲ್ಲಿ ಅಕ್ಕಪಕ್ಕದ ಹೊಲದವರಿಗೆ ಬೇರೆ ಬೇರೆ ದರ ಸಿಕ್ಕು ಅಸಮಾಧಾನ ವರ್ಷಗಟ್ಟಲೆ ಉಳಿಯುತ್ತದೆ.

ಅನುಮತಿಗಳು

ಕರ್ನಾಟಕದಲ್ಲಿ ಯೋಜನೆಗೆ ಸಾಮರ್ಥ್ಯ ಹಂಚುವ ಮತ್ತು ಇಲಾಖೆಗಳೊಡನೆ ಸಮನ್ವಯ ಮಾಡುವ ಸಂಸ್ಥೆ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಚಿಕ್ಕದಾಗಿ ಕ್ರೆಡಲ್. ಯಂತ್ರದ ಎತ್ತರಕ್ಕೆ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಮತ್ತು ಅಗತ್ಯವಿದ್ದಲ್ಲಿ ರಕ್ಷಣಾ ಸಚಿವಾಲಯದ ನಿರಾಕ್ಷೇಪಣೆ ಬೇಕು. ಯಂತ್ರದ ಮಾದರಿ ಕೇಂದ್ರ ಸಚಿವಾಲಯದ ಅನುಮೋದಿತ ಪಟ್ಟಿಯಲ್ಲಿರಬೇಕು. ಚಾಲನೆಗೆ ಮುನ್ನ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಕಡ್ಡಾಯ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಸೇರಿಲ್ಲ. ಹಾಗಾಗಿ ಪರಿಸರ ವರದಿ ಕಾನೂನಿನ ಒತ್ತಾಯದಿಂದಲ್ಲ, ಬಹುಪಾಲು ಸಾಲ ಕೊಡುವವರ ಷರತ್ತಿನಿಂದ ತಯಾರಾಗುತ್ತದೆ.

ಪರಿಸರ ಅಧ್ಯಯನ

ಕಾನೂನಿನ ಈ ವಿನಾಯಿತಿಯಿಂದ ಪರಿಸರ ವಿಜ್ಞಾನಿಯ ಪಾತ್ರ ಯೋಜನೆಯಲ್ಲಿ ತಡವಾಗಿ ಬರುತ್ತದೆ. ಇದು ಭಾರತದ ಪದ್ಧತಿಯ ದೊಡ್ಡ ಕೊರತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಹೋದ್ಯೋಗಿಗಳು ಮಹಾರಾಷ್ಟ್ರದ ಸಾತಾರಾ ಸಮೀಪದ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮಹತ್ವವನ್ನು ತೋರಿಸಿತು. ಯಂತ್ರಗಳಿಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಯಂತ್ರಗಳಿದ್ದ ಕಡೆ ಅವು ಕಡಿಮೆಯಾಗಿ, ಅವುಗಳಿಗೆ ಆಹಾರವಾಗಿದ್ದ ಬೀಸಣಿಗೆ ಗಂಟಲಿನ ಓತಿಗಳು ಹೆಚ್ಚಿದ್ದವು. ಓತಿಗಳ ದೇಹಸ್ಥಿತಿ ಮತ್ತು ವರ್ತನೆಯಲ್ಲೂ ವ್ಯತ್ಯಾಸ ಕಂಡಿತು. ಸತ್ತ ಹಕ್ಕಿಗಳನ್ನು ಎಣಿಸುವುದಷ್ಟೇ ಸಾಲದು, ಆಹಾರ ಸರಪಳಿಯನ್ನೇ ನೋಡಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಅಳಿವಿನಂಚಿನ ದೊರವಾಯನ ಹಕ್ಕಿಗೆ ತಂತಿಗಳಿಂದ ಆಗುವ ಅಪಾಯದ ಬಗ್ಗೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಆವಾಸಗಳಿಗೆ ಸಂಬಂಧಿಸಿ ಆದೇಶ ನೀಡಿ, 2024ರ ಮಾರ್ಚ್‌ನಲ್ಲಿ ಅದನ್ನು ಮಾರ್ಪಡಿಸಿತು. ಕರ್ನಾಟಕದಲ್ಲಿ ಈ ಹಕ್ಕಿಯ ಕೊನೆಯ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆ. ಯಂತ್ರಗಳು ಮೊದಲು ನೆಲೆಗೊಂಡ ಬೆಟ್ಟಸಾಲಿನ ಕಪ್ಪತಗುಡ್ಡವೂ 2019ರಲ್ಲಿ ವನ್ಯಜೀವಿ ಧಾಮವಾಯಿತು. ಕುರುಚಲು ಕಾಡು, ಹುಲ್ಲುಗಾವಲುಗಳನ್ನು ಪಾಳು ಭೂಮಿಯೆಂದು ದಾಖಲಿಸುವ ಹಳೆಯ ಕಂದಾಯ ರೂಢಿಯಿಂದಾಗಿ ತೋಳ, ಕೃಷ್ಣಮೃಗ, ನೆಲಹಕ್ಕಿಗಳ ನೆಲೆ ನಕ್ಷೆಯಲ್ಲಿ ಖಾಲಿ ಜಾಗದಂತೆ ಕಾಣುತ್ತದೆ. ಸ್ಥಳಕ್ಕೆ ಹೋಗಿ ನೋಡುವ ಪರಿಸರ ತಜ್ಞರು ತಾಣ ಆಯ್ಕೆಯ ಹಂತದಲ್ಲೇ ಇರಬೇಕಾದ ಕಾರಣ ಇದು.

ಜಾಲ ಸಂಪರ್ಕ

ಯಂತ್ರಗಳಿಂದ ಹೊರಟ ವಿದ್ಯುತ್ ಸಾಮಾನ್ಯವಾಗಿ 33 ಕಿಲೊವೋಲ್ಟ್ ತಂತಿಗಳಲ್ಲಿ ಸ್ಥಾವರದ ಉಪಕೇಂದ್ರ ಸೇರಿ, ಅಲ್ಲಿಂದ ಹೆಚ್ಚಿನ ವೋಲ್ಟೇಜಿಗೆ ಏರಿ ಜಾಲಕ್ಕೆ ಹೋಗುತ್ತದೆ. ರಾಜ್ಯದೊಳಗಿನ ಜಾಲ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನದು. ಅಂತರರಾಜ್ಯ ಜಾಲದ ಸಂಪರ್ಕವನ್ನು ಕೇಂದ್ರ ಪ್ರಸರಣ ಸಂಸ್ಥೆ ಕೊಡುತ್ತದೆ. ಗದಗ ಮತ್ತು ಕೊಪ್ಪಳದ ಸಂಗ್ರಹ ಕೇಂದ್ರಗಳು ಈ ಉದ್ದೇಶದವು. ಸ್ಥಾವರ ಸಿದ್ಧವಾಗಿ ಪ್ರಸರಣ ಮಾರ್ಗ ಸಿದ್ಧವಾಗದಿದ್ದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಆದ್ದರಿಂದ ಜಾಲ ಎಂಜಿನಿಯರರು ಅರ್ಜಿ ಹಾಕುವುದು ಜಮೀನು ಕೈಗೆ ಬರುವ ಮುಂಚೆಯೇ.

ವಿದ್ಯುತ್ ಹರಿಯತೊಡಗಿದ ಮೇಲೆ ಮುನ್ಸೂಚಕರ ಕೆಲಸ ಆರಂಭವಾಗುತ್ತದೆ. ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಉತ್ಪಾದನೆಯ ಅಂದಾಜನ್ನು ಜಾಲದ ವಿದ್ಯುತ್ ಹರಿವನ್ನು ನಿಭಾಯಿಸುವ ಬೆಂಗಳೂರಿನ ಭಾರ ರವಾನೆ ಕೇಂದ್ರಕ್ಕೆ ಕೊಡಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲಿ ಇದಕ್ಕೆ ನಿಯಮ ಮಾಡಿತು. ಆರಂಭದಲ್ಲಿ ಲಭ್ಯ ಸಾಮರ್ಥ್ಯದ ಶೇ 15ರವರೆಗಿನ ವ್ಯತ್ಯಾಸಕ್ಕೆ ದಂಡವಿರಲಿಲ್ಲ.

ನಿರ್ಮಾಣ

ನಿರ್ಮಾಣ ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷದ ಕೆಲಸ; ಅದರ ಹಿಂದಿನ ಸಿದ್ಧತೆಗೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಭೂತಾಂತ್ರಿಕ ಎಂಜಿನಿಯರರು ಪ್ರತಿ ಯಂತ್ರದ ಜಾಗದಲ್ಲೂ ಕೊರೆದು ಮಣ್ಣು ಪರೀಕ್ಷಿಸುತ್ತಾರೆ. ಉತ್ತರ ಕರ್ನಾಟಕದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಅಡಿಪಾಯಕ್ಕೂ ರಸ್ತೆಗೂ ಬೇರೆ ವಿನ್ಯಾಸ ಬೇಕಾಗುತ್ತದೆ. ಅಡಿಪಾಯ ಸುಮಾರು 20 ಮೀಟರ್ ವ್ಯಾಸದ ಕಾಂಕ್ರೀಟ್ ಹಾಸು. ಅದರ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯುತ್ತಾರೆ.

ಸಾಗಣೆ ತನ್ನದೇ ಪರಿಣತಿ ಬೇಡುತ್ತದೆ. 144 ಮೀಟರ್ ವ್ಯಾಸದ ರೋಟರಿನ ಒಂದೊಂದು ರೆಕ್ಕೆ ಸುಮಾರು 70 ಮೀಟರ್. ಊರೊಳಗಿನ ತಿರುವು, ಸೇತುವೆಯ ತಾಳಿಕೆ, ಅಡ್ಡ ಹಾಯ್ದ ವಿದ್ಯುತ್ ತಂತಿ, ಕಮಾನು ಬಾಗಿಲು ಇವನ್ನೆಲ್ಲ ಮೊದಲೇ ಅಳೆದು ಮಾರ್ಗ ಗೊತ್ತುಮಾಡಬೇಕು. ರೆಕ್ಕೆ ತಯಾರಿಸುವ ಕಾರ್ಖಾನೆ ಕರ್ನಾಟಕದಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿದೆ. ಗಾಳಿ ಜೋರಾಗಿರುವಾಗ ಕ್ರೇನಿನಿಂದ ಎತ್ತುವ ಕೆಲಸ ನಡೆಯದು. ಆದ್ದರಿಂದ ಯಂತ್ರ ಜೋಡಿಸುವ ತಂಡಗಳು ಮುಂಗಾರು ಕಾಲಿಡುವ ಮುಂಚೆ ಕೆಲಸ ಮುಗಿಸಲು ಹೆಣಗುತ್ತವೆ.

ಯೋಜನೆಗಳ ಬಗೆಗಳು

ವಿದ್ಯುತ್ ಕೊಳ್ಳುವವರನ್ನು ಅನುಸರಿಸಿ ಯೋಜನೆಗಳಲ್ಲಿ ಮೂರು ಬಗೆ. ರಾಜ್ಯದ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ಮಾರುವವು, ಕೇಂದ್ರ ಸಂಸ್ಥೆಗಳ ಹರಾಜಿನ ಮೂಲಕ ಬೇರೆ ರಾಜ್ಯಗಳಿಗೂ ಕೊಡುವವು, ಮತ್ತು ಕಾರ್ಖಾನೆ, ಐಟಿ ಸಂಸ್ಥೆ, ಆಸ್ಪತ್ರೆಗಳಿಗೆ ಮುಕ್ತ ಪ್ರವೇಶದಡಿ ನೇರ ಒದಗಿಸುವವು. ಮೂರನೆಯದರಲ್ಲಿ ಸ್ವಬಳಕೆಯ ಸಮೂಹ ಯೋಜನೆಗೆ 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರ ಪಾಲು ಬಂಡವಾಳ ಕನಿಷ್ಠ ಶೇ 26 ಇದ್ದು, ವಿದ್ಯುತ್ತಿನ ಶೇ 51ನ್ನು ಅವರೇ ಬಳಸಬೇಕು. 2018ರ ರಾಷ್ಟ್ರೀಯ ಮಿಶ್ರ ಇಂಧನ ನೀತಿಯ ನಂತರ ಪವನ ಮತ್ತು ಸೌರ ಯಂತ್ರಗಳನ್ನು ಒಂದೇ ಪ್ರಸರಣ ಮಾರ್ಗಕ್ಕೆ ಜೋಡಿಸುವ ಯೋಜನೆಗಳು ಹೆಚ್ಚಿವೆ. ಹಗಲಿನ ಬಿಸಿಲಿಗೂ ಸಂಜೆ ಮತ್ತು ಮುಂಗಾರಿನ ಗಾಳಿಗೂ ಹೊಂದಾಣಿಕೆ ಇರುವುದರಿಂದ ಕರ್ನಾಟಕದ ಒಣಸೀಮೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಶಿಕ್ಷಣ ಮತ್ತು ತರಬೇತಿ

ಈ ಕ್ಷೇತ್ರಕ್ಕೆ ಒಂದೇ ಪದವಿ ಎಂಬುದಿಲ್ಲ. ಗಾಳಿ ವಿಶ್ಲೇಷಕರು ಭೌತವಿಜ್ಞಾನ, ಹವಾಮಾನ ವಿಜ್ಞಾನ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಜಮೀನು ತಂಡಕ್ಕೆ ಕಾನೂನು ಪದವೀಧರರೂ ಕಂದಾಯ ಇಲಾಖೆಯ ಕೆಲಸ ಬಲ್ಲವರೂ ಬರುತ್ತಾರೆ. ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅಲ್ಪಾವಧಿ ಶಿಬಿರಗಳನ್ನು ನಡೆಸುತ್ತದೆ. 2015ರಲ್ಲಿ ರಚನೆಯಾದ ಹಸಿರು ಉದ್ಯೋಗಗಳ ಕೌಶಲ ಮಂಡಳಿ ತಂತ್ರಜ್ಞರಿಗೆ ಅರ್ಹತಾ ಮಾನಕಗಳನ್ನು ರೂಪಿಸಿದೆ. ಗೋಪುರ ಹತ್ತುವವರಿಗೆ ಎತ್ತರದ ಕೆಲಸ, ಬೆಂಕಿ, ಪ್ರಥಮ ಚಿಕಿತ್ಸೆಗಳ ಸುರಕ್ಷತಾ ತರಬೇತಿ ಅಗತ್ಯ. ಊರವರೊಡನೆ ಮಾತಾಡುವ ಸಂಪರ್ಕಾಧಿಕಾರಿಗೆ ಮಾತ್ರ ಯಾವ ಪಠ್ಯಕ್ರಮವೂ ಇಲ್ಲ. ಸ್ಥಳೀಯ ಭಾಷೆ, ಬೇಸಾಯದ ಲಯ ಮತ್ತು ಕಂದಾಯ ದಾಖಲೆ ಮೂರನ್ನೂ ಅರಿತವರ ಕೊರತೆ ಬಹಳವಿದೆ.

ಇಂದಿನ ಸ್ಥಿತಿ

2025ರ ಮಾರ್ಚ್ ಅಂತ್ಯಕ್ಕೆ ಭಾರತದ ಪವನ ವಿದ್ಯುತ್ ಸಾಮರ್ಥ್ಯ 50 ಗಿಗಾವಾಟ್ ದಾಟಿ, ದೇಶ ಚೀನಾ, ಅಮೆರಿಕ, ಜರ್ಮನಿಗಳ ನಂತರ ನಾಲ್ಕನೆಯ ಸ್ಥಾನದಲ್ಲಿತ್ತು. ರಾಜ್ಯಗಳಲ್ಲಿ ಗುಜರಾತ್ ಮತ್ತು ತಮಿಳುನಾಡಿನ ನಂತರ ಕರ್ನಾಟಕ. 2024–25ರಲ್ಲಿ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕವೇ, 1,331.48 ಮೆಗಾವಾಟ್. ಈ ಹೆಚ್ಚಳದ ಬಹುಭಾಗ ಬಯಲುಸೀಮೆಯ ಎತ್ತರದ ಯಂತ್ರಗಳದು. 1986ರ 55 ಕಿಲೊವಾಟ್ ಯಂತ್ರಗಳೆದುರು ಇಂದಿನ 3 ಮೆಗಾವಾಟಿನ ಯಂತ್ರದ ಸಾಮರ್ಥ್ಯ 50 ಪಟ್ಟಿಗೂ ಹೆಚ್ಚು. ಅದರ ರೋಟರ್ ಬೀಸುವ ವೃತ್ತದ ವಿಸ್ತೀರ್ಣ ಸುಮಾರು ನಾಲ್ಕು ಎಕರೆ.

ಮುಂದಿರುವ ದೊಡ್ಡ ಕೆಲಸಗಳಲ್ಲಿ ಹಳೆಯ ಯಂತ್ರಗಳ ಬದಲಾವಣೆ ಒಂದು. ಮೊದಲು ನಿಂತ ಚಿಕ್ಕ ಯಂತ್ರಗಳು ದೇಶದ ಅತ್ಯುತ್ತಮ ಗಾಳಿಯ ಜಾಗಗಳಲ್ಲಿವೆ. 2016ರ ಪುನಃಶಕ್ತೀಕರಣ ನೀತಿಯನ್ನು 2023ರ ಡಿಸೆಂಬರಿನಲ್ಲಿ ಪರಿಷ್ಕರಿಸಿ 2 ಮೆಗಾವಾಟಿಗಿಂತ ಕಡಿಮೆಯ ಯಂತ್ರಗಳನ್ನು ಅದರಡಿ ತರಲಾಗಿದೆ. ಆದರೆ ಒಂದೇ ಗುಡ್ಡದ ಹತ್ತಾರು ಚಿಕ್ಕ ಯಂತ್ರಗಳಿಗೆ ಹತ್ತಾರು ಮಾಲೀಕರಿರುವುದು, ಮತ್ತು ಹಳೆಯ ಖರೀದಿ ಒಪ್ಪಂದಗಳು ಮುಗಿಯದಿರುವುದು ಕೆಲಸವನ್ನು ನಿಧಾನಗೊಳಿಸಿದೆ. ಇಳಿಸಿದ ನಾರುಗಾಜಿನ ರೆಕ್ಕೆಗಳ ವಿಲೇವಾರಿಗೂ ಸುಲಭ ದಾರಿಯಿಲ್ಲ.

ನೆಲದಿಂದ 150 ಮೀಟರ್ ಎತ್ತರದಲ್ಲಿ ಕರ್ನಾಟಕದ ಪವನ ವಿದ್ಯುತ್ ಸಾಧ್ಯತೆಯನ್ನು ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಸುಮಾರು 169 ಗಿಗಾವಾಟ್ ಎಂದು ಅಂದಾಜಿಸಿದೆ. 2025ರ ಮಾರ್ಚ್ ವೇಳೆಗೆ ರಾಜ್ಯದಲ್ಲಿ ಸ್ಥಾಪನೆಯಾಗಿದ್ದದ್ದು ಸುಮಾರು 7.3 ಗಿಗಾವಾಟ್, ಅಂದರೆ ಅದರ ಶೇ 5ಕ್ಕಿಂತ ಕಡಿಮೆ.